ಡಂಬಳದ ನಕ್ಷತ್ರ, ಗೌಂಡಿ ಕಾಕಾನ ಮೂಲೆಮಟ್ಟ

ನಾನು ಗದಗಿನವಳು. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದುವ ಮಕ್ಕಳಿಗೆ ಕಟ್ಟಡಗಳ ಇತಿಹಾಸ ಕಲಿಸುತ್ತೇನೆ. ಆದರೆ ಗುಡಿಯನ್ನು ಓದೋದು ಹೇಗೆ ಅಂತ ನನಗೇ ಗೊತ್ತಾಗಿದ್ದು ಪಿಎಚ್‌ಡಿ ಶುರು ಮಾಡಿ ಎರಡು ವರ್ಷ ಕಳೆದ ಮೇಲೆ, ನಮ್ಮ ಗದಗ ಜಿಲ್ಲೆಯ ಡಂಬಳದಲ್ಲಿ.

ಅಲ್ಲಿಯವರೆಗೆ ಪುಸ್ತಕದಲ್ಲಿ ಅಚ್ಚಾದ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ. ಲಕ್ಕುಂಡಿ, ಇಟಗಿ, ಅಣ್ಣಿಗೇರಿ ಎಲ್ಲವೂ ಮೇಜಿನ ಮೇಲೆಯೇ. ಡಂಬಳದ ದೊಡ್ಡಬಸಪ್ಪನ ಗುಡಿ ಮಾತ್ರ ಹಾಗೆ ಕೈಗೆ ಸಿಗಲಿಲ್ಲ. 12ನೇ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಗುಡಿ ಅದು, ಬಳಪದ ಕಲ್ಲಿನದು. ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರ. ಈ ನಕ್ಷತ್ರವನ್ನು ನೆಲದ ಮೇಲೆ ಹೇಗೆ ಬರೆದರು ಅನ್ನೋದೇ ನನ್ನ ಪ್ರಶ್ನೆ.

ಪುರಾತತ್ವ ಇಲಾಖೆಯ ಅನುಮತಿ ಪಡೆದು ಇಬ್ಬರು ವಿದ್ಯಾರ್ಥಿಗಳ ಜೊತೆ ಹೋದೆ. ಮೊದಲ ದಿನದ ಅಳತೆ ಪೂರ್ತಿ ವ್ಯರ್ಥ. ಬಟ್ಟೆಯ ಟೇಪು ತಂದಿದ್ದೆವು, ಅದು ಎಳೆದಷ್ಟೂ ಹಿಗ್ಗುತ್ತದೆ. ಮೂಲೆ ಎಣಿಸಿದರೆ 24 ಬರಲೇ ಇಲ್ಲ, ಯಾಕಂದ್ರೆ ಮಂಟಪದ ಕಡೆ ಕೆಲವು ಮೂಲೆಗಳು ಅಂತರಾಳದೊಳಗೆ, ಅಂದರೆ ಗರ್ಭಗುಡಿಗೂ ಮಂಟಪಕ್ಕೂ ನಡುವಿನ ಸಣ್ಣ ಕೋಣೆಯೊಳಗೆ ಸೇರಿಹೋಗಿವೆ. ನಡುವಿನಿಂದ ಅಳೆಯೋಣ ಅಂದ್ರೆ ಅಲ್ಲಿ ಲಿಂಗ ಇದೆ, ಸುತ್ತ ದಪ್ಪ ಗೋಡೆ.

ಎರಡನೇ ಸಲ ಸ್ಟೀಲ್ ಟೇಪು ತಂದೆವು. ಗುಡಿಯ ಸುತ್ತ ಚೌಕವಾಗಿ ದಾರ ಎಳೆದೆವು. ಅಂಗಳದಲ್ಲಿ ಗೂಟ ಹೊಡೆಯುವ ಹಾಗಿಲ್ಲ, ಅದಕ್ಕೆ ದಾರವನ್ನು ಮರಳು ತುಂಬಿದ ಚೀಲಕ್ಕೆ ಕಟ್ಟಿ, ದಾರದಿಂದ ಒಂದೊಂದು ಮೂಲೆಗೂ ಎಷ್ಟು ದೂರ ಅಂತ ಬರೆದುಕೊಳ್ಳುತ್ತಾ ಹೋದೆವು. ಪಕ್ಕದ ಓಣಿಯಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿ ಕಾಕಾ ಒಬ್ಬರು ಮಧ್ಯಾಹ್ನ ಊಟ ಮುಗಿಸಿ ನೋಡಲು ಬಂದರು. ಸ್ವಲ್ಪ ಹೊತ್ತು ಸುಮ್ನೆ ನಿಂತು, ಆಮೇಲೆ ತಮ್ಮ ಮೂಲೆಮಟ್ಟ (ಮೂಲೆ ನೇರ ಇದೆಯಾ ಅಂತ ನೋಡುವ L ಆಕಾರದ ಪಟ್ಟಿ) ತಂದು ಗೋಡೆಗೆ ಮುಟ್ಟಿಸದೆ ಮೂಲೆಯ ಹತ್ತಿರ ಹಿಡಿದರು.

"ಅಕ್ಕಾರ, ಮೂಲಿ ಎಲ್ಲಾ ಕಾಟಕೋನ ಅದಾವ್ರಿ. ನಮ್ಮ ಮನಿ ಮೂಲಿ ಇದ್ದಂಗ."

ನಾನು ಇಷ್ಟು ದಿನ ನಕ್ಷತ್ರವನ್ನೇ ನೋಡುತ್ತಿದ್ದೆ, ಕಾಕಾ ಚೌಕವನ್ನು ನೋಡಿದರು. ಕಾಟಕೋನ ಅಂದರೆ ಲಂಬಕೋನ. ಹೊರಚಾಚಿದ ಪ್ರತಿ ಮೂಲೆಯೂ 90 ಡಿಗ್ರಿ ಅಂದರೆ ಅದು ಒಂದು ಚೌಕದ ಮೂಲೆ. ಒಂದೇ ಅಳತೆಯ 6 ಚೌಕಗಳನ್ನು ಒಂದೇ ನಡುಬಿಂದುವಿನ ಮೇಲೆ 15 ಡಿಗ್ರಿಯಷ್ಟು ತಿರುಗಿಸುತ್ತಾ ಹೋದರೆ ಆರು ನಾಲ್ಕಲೆ 24 ಮೂಲೆ. ಎರಡು ಮೂಲೆಗಳ ನಡುವಿನ ಒಳಮೂಲೆ 105 ಡಿಗ್ರಿಗೆ ಬರುತ್ತದೆ. ಕಷ್ಟ ಇರೋದು ಮುಂದೆ. ಈ ಮೂಲೆಗಳು ಅಧಿಷ್ಠಾನದಲ್ಲಿ, ಅಂದರೆ ಗುಡಿಯ ತಳಕಟ್ಟಿನಲ್ಲಿ ಶುರುವಾಗಿ ಶಿಖರದವರೆಗೂ ಏರುತ್ತವೆ, ಅಂದರೆ ಒಂದೊಂದು ವರಸೆಯ ಕಲ್ಲಿನಲ್ಲೂ ಅದೇ ಕೋನ ಹಿಡಿಯಬೇಕು. ಆ ಕೈಗಳನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯವನ್ನು ಮತ್ತೆ ಬರೆದೆ. ಪಾಠ ಮಾಡುವ ರೀತಿಯೂ ಬದಲಾಯಿತು. ಮೊದಲ ತರಗತಿಗೆ ಸ್ಲೈಡ್ ಒಯ್ಯೋದಿಲ್ಲ. ರಟ್ಟಿನ 6 ಚೌಕ, ಒಂದು ಮೊಳೆ, ಅಷ್ಟೇ. ಎರಡನೇ ವಾರ ಹುಬ್ಬಳ್ಳಿಯದೇ ಆದ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ. ಅಲ್ಲಿ ನಡುವಿನ ಗರ್ಭಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಮೊದಲ ಒಂದು ತಾಸು ಫೋನ್ ಚೀಲದಲ್ಲಿ, ಕೈಯಲ್ಲಿ ಪೆನ್ಸಿಲ್. ಫೋಟೋದಲ್ಲಿ ಎಲ್ಲಾ ಬರುತ್ತೆ ಅಲ್ವಾ ಮೇಡಂ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ನಾನು ಉತ್ತರ ಹೇಳೋದಿಲ್ಲ, ಟೇಪಿನ ಇನ್ನೊಂದು ತುದಿ ಅವರ ಕೈಗೆ ಕೊಡುತ್ತೇನೆ.