ಲಕ್ವ ಬಡಿದ ಕೈಗೆ ಹಾರ್ಮೋನಿಯಂ ಅಭ್ಯಾಸ: ಶುರು ಮಾಡುವುದು ಹೇಗೆ?

ನಮ್ಮ ಅಪ್ಪಯ್ಯನಿಗೆ ಲಕ್ವ ಹೊಡೆದಾಗ ಬಲಗೈ ಸ್ವಾಧೀನ ತಪ್ಪಿತು. ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರ ಅವರು. ಮೆಟ್ಟುಗತ್ತಿಯ ಮುಂದೆ ಕುಳಿತರೆ ಕೈಯ ಕಡೆ ನೋಡದೆ, ಮಾತಾಡುತ್ತಲೇ ಡಬ್ಬಗಟ್ಟಲೆ ಸುಲಿಯುತ್ತಿದ್ದವರು. ಎರಡು ತಿಂಗಳ ಫಿಸಿಯೋಥೆರಪಿಯ ಬಳಿಕ ಬೆರಳು ಮಡಿಸಲು ಬಂತು, ಲೋಟ ಹಿಡಿಯಲೂ ಬಂತು. ಆದರೆ ಹಿಡಿದ ಲೋಟವನ್ನು ಬಿಡಲು ಬರಲಿಲ್ಲ. ಕಾಫಿ ಕುಡಿದಾದ ಮೇಲೆ ಎಡಗೈಯಿಂದ ಒಂದೊಂದೇ ಬೆರಳನ್ನು ಬಿಡಿಸಿ ಲೋಟ ಕೆಳಗಿಡುತ್ತಿದ್ದರು.

ಪಾರ್ಶ್ವವಾಯುವಿನ ನಂತರ ಹಲವರ ಕೈ ಹೀಗೆಯೇ ಆಗುತ್ತದೆ. ಬೆರಳು ಮಡಿಸುವ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬಿಚ್ಚುವ ಸ್ನಾಯುಗಳು ಸೋತಿರುತ್ತವೆ. ಸ್ಪಂಜಿನ ಚೆಂಡು ಕೊಟ್ಟು ‘ಹಿಚುಕಿ, ಹಿಚುಕಿ’ ಎನ್ನುವ ಮನೆಯವರು ಗಮನಿಸಬೇಕಾದದ್ದು ಇದನ್ನೇ. ಅಂಥ ಕೈಗೆ ಹಿಡಿತಕ್ಕಿಂತ ಬಿಡುವುದನ್ನು ಕಲಿಸುವುದು ಕಷ್ಟ. ಹಾರ್ಮೋನಿಯಂ ನಮಗೆ ಒದಗಿ ಬಂದದ್ದು ಅಲ್ಲಿಯೇ. ಪಿಯಾನೊದ ಸ್ವರ ಒತ್ತಿದ ಸ್ವಲ್ಪ ಹೊತ್ತಿಗೆ ತಾನೇ ಕರಗುತ್ತದೆ. ಹಾರ್ಮೋನಿಯಂ ಸ್ವರ ಹಾಗಲ್ಲ, ತಿದಿಯಲ್ಲಿ ಗಾಳಿ ಇರುವವರೆಗೂ, ಬೆರಳು ಮೇಲೇಳುವವರೆಗೂ ನುಡಿಯುತ್ತಲೇ ಇರುತ್ತದೆ. ಬೆರಳು ಎದ್ದಿತೋ ಇಲ್ಲವೋ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ.

ಪೆಟ್ಟಾದ ಮಿದುಳು ಮರುಕಲಿಕೆಗೆ ಒಗ್ಗಬಲ್ಲದು. ಉಳಿದ ನರಜಾಲಗಳು ಹೊಸ ಸಂಪರ್ಕ ಬೆಳೆಸಿಕೊಂಡು ಹೋದ ಕೆಲಸದ ಒಂದು ಪಾಲನ್ನು ವಹಿಸಿಕೊಳ್ಳುತ್ತವೆ. ಅದಕ್ಕೆ ಬೇಕಾದದ್ದು ನೂರಾರು ಬಾರಿಯ ಪುನರಾವರ್ತನೆ, ಜೊತೆಗೆ ಪ್ರತಿ ಬಾರಿಯೂ ಸರಿಯೋ ತಪ್ಪೋ ಎಂಬ ಸೂಚನೆ. ವಾದ್ಯ ಇವೆರಡನ್ನೂ ಕೊಡುತ್ತದೆ. 2007ರಲ್ಲಿ ಜರ್ಮನಿಯ ಸಂಶೋಧಕರು ಸಂಗೀತದ ಹಿನ್ನೆಲೆಯೇ ಇಲ್ಲದ 20 ರೋಗಿಗಳಿಗೆ ಮಾಮೂಲು ಚಿಕಿತ್ಸೆಯ ಜೊತೆಗೆ ಮೂರು ವಾರಗಳಲ್ಲಿ ಅರ್ಧ ಗಂಟೆಯ 15 ಪಾಠ ಮಾಡಿದರು. ಎಲೆಕ್ಟ್ರಾನಿಕ್ ಪಿಯಾನೊದ ಎಂಟು ಬಿಳಿ ಕೀಗಳು, ಎಂಟು ಡ್ರಮ್ ಪ್ಯಾಡುಗಳು, ಇಷ್ಟೇ ಸಲಕರಣೆ. ಮಾಮೂಲು ಚಿಕಿತ್ಸೆ ಮಾತ್ರ ಪಡೆದವರಿಗಿಂತ ಅವರ ಕೈಚಲನೆಯ ವೇಗ, ನಿಖರತೆ ಹೆಚ್ಚು ಸುಧಾರಿಸಿತು. ಅಷ್ಟೇ ಹೊತ್ತಿನ ಬೇರೆ ವ್ಯಾಯಾಮದೊಡನೆ ಹೋಲಿಸಿದ ನಂತರದ ಅಧ್ಯಯನಗಳಲ್ಲಿ ಸಂಗೀತವೇ ಮೇಲೆಂದು ಎಲ್ಲೆಡೆ ಕಂಡುಬಂದಿಲ್ಲ. ಆದ್ದರಿಂದ ಹಾರ್ಮೋನಿಯಂ ಸಿಕ್ಕಿತೆಂದು ಫಿಸಿಯೋಥೆರಪಿ ಬಿಡಬೇಡಿ, ಮಾತ್ರೆಯನ್ನಂತೂ ಬಿಡಲೇಬೇಡಿ.

ಮೊದಲು ವೈದ್ಯರ ಒಪ್ಪಿಗೆ

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಾಗಲಿ, ನಿಮ್ಮ ತಾಲ್ಲೂಕು ಆಸ್ಪತ್ರೆಯಾಗಲಿ, ಚಿಕಿತ್ಸೆ ಕೊಡುತ್ತಿರುವವರನ್ನು ಮೂರು ವಿಷಯ ಕೇಳಿ: ರಕ್ತದೊತ್ತಡ ಹತೋಟಿಯಲ್ಲಿದೆಯೇ, ಭುಜದ ಕೀಲು ಜಾರಿದೆಯೇ, ದಿನಕ್ಕೆ ಎಷ್ಟು ಹೊತ್ತು ಕೂರಿಸಬಹುದು. ಬೇರೆಯವರ ನೆರವಿಲ್ಲದೆ ತೋಳನ್ನೂ ತೋರುಬೆರಳನ್ನೂ ಒಂದಿಷ್ಟಾದರೂ ಆಡಿಸಲು ಬಂದರೆ ಕೀಗಳ ಅಭ್ಯಾಸ ಶುರು ಮಾಡಬಹುದು. ಬೆರಳು ಅಲುಗುವುದೇ ಇಲ್ಲವೆಂದರೆ ಈಗಲೇ ಬೇಡ. ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಅದು ದಾಟಿತೆಂದು ಕೈಚೆಲ್ಲಬೇಕಾಗಿಲ್ಲ, ವರ್ಷದ ಮೇಲೂ ಸುಧಾರಣೆ ಕಾಣುವವರಿದ್ದಾರೆ.

ವಾದ್ಯ

ಹೊಸದು ಕೊಳ್ಳುವ ಮೊದಲು ಊರಿನ ಭಜನಾ ಮಂದಿರದಲ್ಲಿ ವಿಚಾರಿಸಿ. ಶನಿವಾರದ ಭಜನೆಗೆ ಮಾತ್ರ ಹೊರಬರುವ ಪೆಟ್ಟಿಗೆಯೊಂದು ಅಲ್ಲಿರುತ್ತದೆ, ಕಾರಣ ಹೇಳಿದರೆ ಇಲ್ಲವೆನ್ನುವವರು ಕಡಿಮೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ ಇದಕ್ಕೆ ವಿದ್ಯುತ್ ಬೇಡ ಎಂಬುದೂ ಅನುಕೂಲವೇ. ಮನೆಯಲ್ಲಿ ಮಕ್ಕಳ ಕೀಬೋರ್ಡ್ ಇದ್ದರೆ ಅದೂ ಆಗುತ್ತದೆ. ಬೆರಳೆತ್ತುವವರೆಗೂ ನಿಲ್ಲದ ಆರ್ಗನ್ ಧ್ವನಿಯನ್ನು ಆರಿಸಿಕೊಳ್ಳಿ. ವೀಣೆ, ಪಿಟೀಲು ಈ ಹಂತಕ್ಕಲ್ಲ, ಅಲ್ಲಿ ಒಂದು ಶುದ್ಧ ಸ್ವರ ಹೊರಡಿಸುವುದೇ ಕಷ್ಟ.

ಕೂರುವ ಬಗೆ

ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಿಸಬೇಡಿ. ಬೆನ್ನಿಗೆ ಆಸರೆಯಿರುವ ಕುರ್ಚಿ, ಎರಡೂ ಪಾದ ನೆಲಕ್ಕೆ, ಎದುರಿಗೆ ಮೇಜು. ಹಾರ್ಮೋನಿಯಂ ಪೆಟ್ಟಿಗೆ ಎತ್ತರ, ಹಾಗಾಗಿ ಊಟದ ಮೇಜಿನ ಮೇಲಿಟ್ಟರೆ ಭುಜ ಮೇಲೇರುತ್ತದೆ. ತಗ್ಗಿನ ಮೇಜು ಹುಡುಕಿ. ಕೀಗಳ ಮೇಲೆ ಕೈ ಇಟ್ಟಾಗ ಮೊಣಕೈ ಲಂಬಕೋನದಲ್ಲಿರಬೇಕು. ಮುಂಗೈ ಅಡಿಗೆ ಟವೆಲ್ ಸುರುಳಿ ಕೊಡಿ. ಸೋತ ತೋಳನ್ನು ಎಂದೂ ಮಣಿಕಟ್ಟು ಹಿಡಿದು ಎಳೆಯಬೇಡಿ. ಮೊಣಕೈಯನ್ನೂ ಮುಂಗೈಯನ್ನೂ ಅಂಗೈಯಲ್ಲಿ ಹೊತ್ತು ತಂದು ಇಡಿ.

ತಿದಿ ಇರುವುದು ನುಡಿಸುವವರಿಂದ ಆಚೆ ಬದಿಗೆ. ಮನೆಯವರೊಬ್ಬರು ಎದುರಿಗೆ ಕುಳಿತು ಅದನ್ನು ಒತ್ತಿದರೆ ನುಡಿಸುವವರ ಪೂರ್ತಿ ಗಮನ ಬೆರಳಿನ ಮೇಲಿರುತ್ತದೆ. ನಮ್ಮಲ್ಲಿ ಆ ಕೆಲಸ ಅಮ್ಮನದಾಗಿತ್ತು. ಎಡಗೈಗೆ ಲಕ್ವವಾದವರಿಗೆ ತಿದಿಯೇ ಮೊದಲ ಪಾಠ. ಅಂಗೈ ಬಿಚ್ಚಿ ಒತ್ತುವುದು, ಹಿಂದಕ್ಕೆ ಬಿಡುವುದು. ಬೆರಳಿನ ಸೂಕ್ಷ್ಮ ಚಲನೆ ಅದಕ್ಕೆ ಬೇಡ.

ಒಂದು ಬೆರಳು, ಒಂದು ಸ್ವರ

ಮೊದಲ ವಾರ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯ ಆಸೆಯೂ ಬೇಡ. ತೋರುಬೆರಳನ್ನು ಒಂದು ಬಿಳಿ ಕೀ ಮೇಲಿಡಿ. ಒತ್ತಿ, ನಾಲ್ಕು ಎಣಿಸಿ. ಎತ್ತಿ, ನಾಲ್ಕು ಎಣಿಸಿ. ಆದಿತಾಳದ ಎಂಟು ಅಕ್ಷರಗಳಲ್ಲಿ ಅರ್ಧ ಸ್ವರ, ಅರ್ಧ ಮೌನ. ಒಳ್ಳೆಯ ಕೈಯಿಂದ ತೊಡೆಯ ಮೇಲೆ ತಾಳ ಹಾಕಿದರೆ ಲಯ ನಿಲ್ಲುತ್ತದೆ.

ಸ್ವರ ಬರುತ್ತದೆ, ಮೌನ ಬರುವುದಿಲ್ಲ. ಐದಕ್ಕೆ ನಿಲ್ಲಬೇಕಾದದ್ದು ಏಳಕ್ಕೆ ನಿಲ್ಲುತ್ತದೆ, ಕೆಲವೊಮ್ಮೆ ನಿಲ್ಲುವುದೇ ಇಲ್ಲ. ಆಗ ಬೆರಳನ್ನು ನೀವು ಎತ್ತಿಬಿಡಬೇಡಿ, ಕಾಯಿರಿ. ಭುಜ ಎತ್ತಿ, ಮೈ ಓರೆ ಮಾಡಿ ಇಡೀ ತೋಳನ್ನೇ ಮೇಲೆತ್ತಲು ಅವರು ನೋಡುತ್ತಾರೆ. ಮಣಿಕಟ್ಟು ಟವೆಲಿನ ಮೇಲೆಯೇ ಇರಲಿ, ಬೆರಳಷ್ಟೇ ಏಳಲಿ ಎಂದು ಮೆಲ್ಲಗೆ ನೆನಪಿಸಿ. ಬೆರಳು ಬಿಗಿದು ಹೋದರೆ ಐದು ನಿಮಿಷ ಬಿಡುವು ಕೊಟ್ಟು, ಬುಡದಿಂದ ತುದಿಯವರೆಗೆ ನಿಧಾನವಾಗಿ ನೀವಿ. ಬಿಸಿನೀರಿನ ಶಾಖ ಕೊಡುವುದಾದರೆ ಬಿಸಿಯನ್ನು ಒಳ್ಳೆಯ ಕೈಯಲ್ಲಿ ಮುಟ್ಟಿ ನೋಡಿ. ಸ್ಪರ್ಶ ಹೋದ ಕೈಗೆ ಸುಡುವುದು ತಿಳಿಯುವುದಿಲ್ಲ.

ಎಡಬದಿಯ ಲಕ್ವದವರಲ್ಲಿ ಕೆಲವರಿಗೆ ಎಡಗಡೆ ಇರುವ ವಸ್ತುಗಳತ್ತ ಗಮನವೇ ಹರಿಯುವುದಿಲ್ಲ, ತಟ್ಟೆಯ ಅರ್ಧ ಅನ್ನ ಹಾಗೆಯೇ ಉಳಿದಿರುತ್ತದೆ. ಅಂಥವರಿಗೆ ಬಳಸುವ ಕೀಗಳಲ್ಲಿ ಎಡತುದಿಯದಕ್ಕೆ ಕೆಂಪು ಬಿಂದಿ ಅಂಟಿಸಿ, ಪ್ರತಿ ಸಲವೂ ಅಲ್ಲಿಂದಲೇ ಆರಂಭಿಸಿ.

ಐದು ಬೆರಳಿಗೆ ಐದು ಸ್ವರ

ಒಂದು ಬೆರಳು ಹೇಳಿದ ಮಾತು ಕೇಳತೊಡಗಿದ ಮೇಲೆ ಎರಡನೆಯದು. ತೋರುಬೆರಳು, ಮಧ್ಯಬೆರಳು, ಹೆಬ್ಬೆರಳು ಈ ಕ್ರಮ ನಮಗೆ ಹಿಡಿಸಿತು. ಉಂಗುರಬೆರಳು ಎಲ್ಲರಲ್ಲೂ ಪಕ್ಕದ ಬೆರಳುಗಳನ್ನು ಬಿಟ್ಟು ಒಂಟಿಯಾಗಿ ಏಳಲು ಒಲ್ಲದು, ಅದನ್ನು ಕೊನೆಗಿಡಿ. ಪಾಠದ ಸಂಪ್ರದಾಯ ಮಾಯಾಮಾಳವಗೌಳ ರಾಗದಿಂದ ಶುರುವಾದರೂ, ಬಿಳಿ ಒಂದರಲ್ಲಿ (ಎರಡು ಕರಿ ಕೀಗಳ ಜೋಡಿಯ ಎಡಕ್ಕಿರುವ ಬಿಳಿ ಕೀ) ಷಡ್ಜ, ಅಂದರೆ ಸ, ಇಟ್ಟರೆ ಅದರ ರಿಷಭ, ಧೈವತಗಳಿಗೆ (ರಿ, ಧ) ಕರಿ ಕೀ ಹತ್ತಬೇಕು. ಶಂಕರಾಭರಣ ರಾಗದ ಸ ರಿ ಗ ಮ ಪ ಸಾಲಾಗಿ ಬಿಳಿ ಕೀಗಳಲ್ಲೇ ಸಿಗುತ್ತದೆ. ಬಲಗೈಯಾದರೆ ಹೆಬ್ಬೆರಳಿಗೆ ಸ, ಎಡಗೈಯಾದರೆ ಕಿರುಬೆರಳಿಗೆ ಸ. ಅದು ಹಗುರಾದ ಮೇಲೆ ಸಸ ರಿರಿ ಗಗ ಎಂದು ಜಂಟಿ. ಒಂದೇ ಕೀಯನ್ನು ಎರಡು ಬಾರಿ ಒತ್ತಬೇಕಾದರೆ ನಡುವೆ ಬೆರಳು ಏಳಲೇಬೇಕು. ನನಗೆ ಕೇಳಿದರೆ ಇಡೀ ಅಭ್ಯಾಸದ ತಿರುಳು ಜಂಟಿ ವರಸೆಯಲ್ಲಿದೆ.

ಆಮೇಲೆ ಅವರಿಗೆ ಎಳವೆಯಿಂದ ಬಾಯಿಪಾಠವಿರುವ ಭಜನೆಯನ್ನೋ ಜೋಗುಳವನ್ನೋ ಎತ್ತಿಕೊಳ್ಳಿ. ಮುಂದಿನ ಸ್ವರ ಕಿವಿಗೆ ಮೊದಲೇ ಗೊತ್ತಿರುವುದರಿಂದ ಬೆರಳು ಅದನ್ನು ಹುಡುಕಿಕೊಂಡು ಹೋಗುತ್ತದೆ.

ಎಷ್ಟು ಹೊತ್ತು?

ಆರಂಭದಲ್ಲಿ ಹತ್ತು ನಿಮಿಷದಂತೆ ಬೆಳಿಗ್ಗೆ, ಸಂಜೆ. ತಡೆದುಕೊಳ್ಳುವಂತಾದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಲಕ್ವದ ನಂತರದ ಸುಸ್ತು ಸೋಮಾರಿತನವಲ್ಲ, ಮಿದುಳಿನದೇ ದಣಿವು. ಆಕಳಿಕೆ ಬಂದರೆ ಪೆಟ್ಟಿಗೆ ಮುಚ್ಚಿ. ಭುಜ ನೋವು, ಕೈ ಊತ ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಬಾಯಿ ಓರೆಯಾಗುವುದು, ಮಾತು ತೊದಲುವುದು, ಕೈ ಮತ್ತೆ ಕುಸಿಯುವುದು ಹಠಾತ್ತನೆ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ಇರುವ ಅವಧಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ. ಆಗುಂಬೆ, ಹೊಸನಗರದ ಕಡೆಯಿಂದ ಶಿವಮೊಗ್ಗ ತಲುಪುವುದರಲ್ಲೇ ಅದರಲ್ಲೊಂದು ಪಾಲು ಕಳೆದುಹೋಗುತ್ತದೆ.

ಪ್ರತಿ ಅಭ್ಯಾಸ ಮುಗಿದ ಕೂಡಲೇ ಅದೇ ಕೈಗೆ ಒಂದು ಮನೆಗೆಲಸ ಕೊಡಿ: ಅಂಗಿಯ ಗುಂಡಿ, ಬೀಗದ ಕೈ, ಒಂದು ಹಿಡಿ ಅಡಿಕೆಯನ್ನು ಒಂದೊಂದಾಗಿ ಬುಟ್ಟಿಗೆ ಹಾಕುವುದು. ಕೀ ಮೇಲೆ ಕಲಿತ ಚಲನೆ ತಾನಾಗಿ ಲೋಟಕ್ಕೆ ದಾಟುವುದಿಲ್ಲ, ನಾವೇ ದಾಟಿಸಬೇಕು. ವಾರಕ್ಕೊಮ್ಮೆ ಮೊಬೈಲಿನಲ್ಲಿ ಒಂದು ನಿಮಿಷ ಚಿತ್ರೀಕರಿಸಿಡಿ. ದಿನವೂ ನೋಡುವವರಿಗೆ ಕಾಣದ ಬದಲಾವಣೆ ತಿಂಗಳ ಹಿಂದಿನ ವಿಡಿಯೊ ಪಕ್ಕದಲ್ಲಿ ಕಾಣುತ್ತದೆ.

ಮಲೆನಾಡಿನ ಥಂಡಿಯಲ್ಲಿ ವಾದ್ಯದ ಆರೈಕೆಯೂ ಬೇಕು. ಜೂನ್ ಬಂತೆಂದರೆ ಮರದ ಕೀಗಳು ಉಬ್ಬಿ ಅಂಟಿಕೊಳ್ಳುತ್ತವೆ. ಪೆಟ್ಟಿಗೆಯನ್ನು ಗೋಡೆಯಿಂದ ದೂರ, ಬೆಚ್ಚಗಿನ ಕೋಣೆಯಲ್ಲಿ ಬಟ್ಟೆ ಹೊದಿಸಿಡಿ. ಅಭ್ಯಾಸಕ್ಕೆ ಮುನ್ನ ಪ್ರತಿ ಕೀಯನ್ನೂ ನೀವೇ ಒಮ್ಮೆ ಒತ್ತಿ ನೋಡಿ. ನಾವು ಒಂದು ದಿನ ನೋಡಿರಲಿಲ್ಲ. ಅಪ್ಪಯ್ಯ ಮಧ್ಯಮ ಒತ್ತಿದರು, ನಾಲ್ಕು ಎಣಿಸಿದರು, ಸ್ವರ ನಿಲ್ಲಲಿಲ್ಲ. ಎಂಟಾಯಿತು, ಹತ್ತಾಯಿತು, ಅವರ ಹಣೆ ಬೆವರಿತು. ಎದುರಿಗಿದ್ದ ಅಮ್ಮ ತಿದಿ ಒತ್ತುವುದನ್ನು ನಿಲ್ಲಿಸಿ, ‘ಕೈ ನೋಡಿಕೊಳ್ಳಿ’ ಎಂದರು. ಕೀ ಕೆಳಗೆ ಕಚ್ಚಿಕೊಂಡಿತ್ತು. ಬೆರಳು ಅದರ ಮೇಲೆ ಒಂದು ಅಡಿಕೆಯಷ್ಟು ಎತ್ತರದಲ್ಲಿತ್ತು.