ಐವಿಎಫ್ ಬಸುರಿ, ಹೆರಿಗೆ, ಮಗು: ಯಾವ ಡಾಕ್ಟರಿಗೆ ಏನು ಹೇಳಬೇಕು

ನಮ್ಮಲ್ಲಿ ಸಾಮಾನ್ಯವಾಗಿ ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ಲ್ಯಾಬಿನಲ್ಲಿ ಸೇರಿಸಿ ಬಸುರಿ ಮಾಡುವ) ಚಿಕಿತ್ಸೆ ದೊಡ್ಡ ಊರಲ್ಲಿ, ಹೆರಿಗೆ ತವರಲ್ಲಿ. ನಡುವೆ ಡಾಕ್ಟರ್ ಬದಲಾಗುತ್ತಾರೆ. "ಐವಿಎಫ್ ಅಂತ ಅಲ್ಲಿ ಬಾಯಿ ಬಿಡಬೇಡ" ಅಂತ ಮನೆಯವರು ಹೇಳಿ ಕಳಿಸುವುದೂ ಉಂಟು. ನೆಂಟರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. ಹೆರಿಗೆ ಡಾಕ್ಟರಿಗೆ, ಮಕ್ಕಳ ಡಾಕ್ಟರಿಗೆ ಮಾತ್ರ ದಯವಿಟ್ಟು ಮುಚ್ಚಿಡಬೇಡಿ.

ಐವಿಎಫ್ ಸೆಂಟರ್ ಬಿಡುವ ಮುಂಚೆ ಒಂದು ಸಮ್ಮರಿ ಬರೆಸಿಕೊಳ್ಳಿ. ಎಂಬ್ರಿಯೋ (ಲ್ಯಾಬಿನಲ್ಲಿ ಬೆಳೆಸಿದ ಭ್ರೂಣ) ಗರ್ಭಕೋಶಕ್ಕೆ ಹಾಕಿದ ತಾರೀಖು, ಅದು 3ನೇ ದಿನದ್ದೋ 5ನೇ ದಿನದ್ದೋ, ಫ್ರೆಶ್ಶೋ ಫ್ರೋಜನ್ನೋ (ಹೆಪ್ಪುಗಟ್ಟಿಸಿ ಇಟ್ಟಿದ್ದೋ), ಎಷ್ಟು ಹಾಕಿದರು, ಇಕ್ಸಿ (ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವುದು) ಮಾಡಿದರಾ, ಅಂಡಾಣು ಯಾರದ್ದು, ಅದನ್ನು ತೆಗೆದಾಗ ಅವರ ವಯಸ್ಸೆಷ್ಟು, ಈಗ ಯಾವ ಮಾತ್ರೆ ಇಂಜೆಕ್ಷನ್ ನಡೆಯುತ್ತಿದೆ, ಇಷ್ಟೂ ಅದರಲ್ಲಿರಲಿ. ತಾಯಿ ಕಾರ್ಡ್ ಜೊತೆಗೇ ಇಟ್ಟುಕೊಳ್ಳಿ. ಪ್ರೊಜೆಸ್ಟರಾನ್ (ಬಸುರಿ ನಿಲ್ಲಲು ಕೊಡುವ ಹಾರ್ಮೋನ್) ಮಾತ್ರ ನೀವಾಗಿ ನಿಲ್ಲಿಸಬೇಡಿ, ಯಾವಾಗ ಸಾಕು ಅಂತ ಡಾಕ್ಟರೇ ಹೇಳಲಿ.

ತಾರೀಖು ಯಾಕೆ ಮುಖ್ಯ ಅಂದರೆ, ಐವಿಎಫ್‌ನಲ್ಲಿ ಹೆರಿಗೆ ದಿನವನ್ನು ಮುಟ್ಟಿನ ಲೆಕ್ಕದಲ್ಲಿ ಹಿಡಿಯಬಾರದು. 5ನೇ ದಿನದ ಎಂಬ್ರಿಯೋ ಆದರೆ ಹಾಕಿದ ದಿನದಿಂದ 261 ದಿನ, 3ನೇ ದಿನದ್ದಾದರೆ 263. ಅಂದರೆ 2025ರ ಜನವರಿ 1ಕ್ಕೆ 5ನೇ ದಿನದ ಎಂಬ್ರಿಯೋ ಹಾಕಿದ್ದರೆ ಡ್ಯೂ ಡೇಟ್ ಸೆಪ್ಟೆಂಬರ್ 19. ಲೆಕ್ಕ ತಪ್ಪಿದರೆ ಸರಿಯಾಗಿ ಬೆಳೆಯುತ್ತಿರುವ ಮಗುವನ್ನೂ ಸ್ಕ್ಯಾನಿಂಗ್‌ನಲ್ಲಿ "ಚಿಕ್ಕದು" ಅಂದುಬಿಡಬಹುದು.

ವಯಸ್ಸಿನದ್ದೂ ಹಾಗೇ. ಮೂರನೇ ತಿಂಗಳ ಹೊತ್ತಿಗೆ ಡೌನ್ ಸಿಂಡ್ರೋಮ್ ಸಾಧ್ಯತೆ ನೋಡುವ ರಕ್ತಪರೀಕ್ಷೆಯ ಫಾರಂನಲ್ಲಿ ಅಂಡಾಣು ತೆಗೆದಾಗಿನ ವಯಸ್ಸು ಬೇಕು. ದಾನಿಯ ಅಂಡಾಣು ಆಗಿದ್ದರೆ ದಾನಿಯ ವಯಸ್ಸು. ನಿಮಗೆ 42 ಇರಬಹುದು, ಅಂಡಾಣು 26ರದ್ದಾಗಿದ್ದರೆ ಫಲಿತಾಂಶ ಪೂರ್ತಿ ಬೇರೆ. ಸುಮ್ನೆ ಗಾಬರಿಯಾಗಿ, ಗರ್ಭದ ನೀರು ತೆಗೆದು ಪರೀಕ್ಷಿಸಲು ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳುವ ಮಟ್ಟಕ್ಕೆ ಹೋಗುವುದು ಯಾಕೆ?

ಇನ್ನೂ ಎಂಬ್ರಿಯೋ ಹಾಕಿಲ್ಲ ಅನ್ನುವವರು ಇದನ್ನು ಗಮನವಿಟ್ಟು ಓದಿ. ಐವಿಎಫ್ ಮಕ್ಕಳಿಗೆ ಬರುವ ತೊಂದರೆಗಳಲ್ಲಿ ದೊಡ್ಡ ಪಾಲು ಅವಳಿ ತ್ರಿವಳಿಯಿಂದ ಬರುವಂಥದ್ದು. ಇಷ್ಟು ದುಡ್ಡು ಸುರಿದಿದ್ದೇವೆ, ಒಂದೇ ಸಲಕ್ಕೆ ಎರಡಾಗಲಿ ಅನ್ನುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಅವಳಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ, ತೂಕ ಕಡಿಮೆ ಇರುತ್ತದೆ, ಎನ್ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಬೇಕಾಗಿ ಬರುತ್ತದೆ, ತಾಯಿಗೂ ಬಿಪಿ, ರಕ್ತಸ್ರಾವದ ಅಪಾಯ ಹೆಚ್ಚು. ನಿಮಗೆ ಒಳ್ಳೆಯ ಎಂಬ್ರಿಯೋಗಳಿದ್ದರೆ ಒಂದನ್ನು ಹಾಕಿಸಿಕೊಂಡು ಉಳಿದದ್ದನ್ನು ಫ್ರೀಜ್ ಮಾಡಿಸಬಹುದಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಒಂದೇ ಮಗು ಇದ್ದರೂ ಅವಧಿಗೆ ಮುಂಚಿನ ಹೆರಿಗೆ, ಬಿಪಿ, ಮಾಸು ಕೆಳಗಿರುವುದು, ಇವು ತಾನಾಗಿ ನಿಂತ ಬಸುರಿಗಿಂತ ಸ್ವಲ್ಪ ಜಾಸ್ತಿ. ಫ್ರೋಜನ್ ಎಂಬ್ರಿಯೋ, ಅದರಲ್ಲೂ ಪೂರ್ತಿ ಹಾರ್ಮೋನ್ ಮಾತ್ರೆಯ ಮೇಲೆ ಮಾಡಿದ ಸೈಕಲ್ (ಚಿಕಿತ್ಸೆಯ ಸುತ್ತು) ಆದರೆ ಬಿಪಿ ಮೇಲೆ ಹೆಚ್ಚು ಕಣ್ಣಿರಲಿ. ಕಡಿಮೆ ಡೋಸಿನ ಆಸ್ಪಿರಿನ್ ನನಗೆ ಬೇಕಾ ಅಂತ 12ನೇ ವಾರದಲ್ಲೇ ಕೇಳಿ, ಬೇಕಿದ್ದರೆ 16 ವಾರದೊಳಗೆ ಶುರು ಮಾಡುವುದು ಒಳ್ಳೆಯದು. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿದರೆ, ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಬಂದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡಿ. ನೋವಿಲ್ಲದೆ ರಕ್ತ ಹೋದರೂ ಅಷ್ಟೇ.

ಹುಟ್ಟಿನಿಂದ ಬರುವ ದೋಷಗಳ ಪ್ರಮಾಣವೂ ಸ್ವಲ್ಪ ಹೆಚ್ಚೇ, ಆದರೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಐದನೇ ತಿಂಗಳ ಸ್ಕ್ಯಾನ್ ತಪ್ಪಿಸಬೇಡಿ. ಹೊಟ್ಟೆಯಲ್ಲಿರುವ ಮಗುವಿನ ಹೃದಯ ನೋಡುವ ಫೀಟಲ್ ಎಕೋ ಸ್ಕ್ಯಾನ್ ಬೇಕಾ ಅಂತಲೂ ಆಗಲೇ ಕೇಳಿ. "ಇಂಥ ಮಗು ಮುಂದೆ ಹೇಗೋ ಏನೋ" ಅನ್ನುವ ಅತ್ತೆಗೆ ಹೇಳಿ: ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರಲ್ಲಿ, 2006ರಲ್ಲಿ ಆಕೆಯೇ ತಾಯಿಯಾದರು, ಅದೂ ಯಾವ ಚಿಕಿತ್ಸೆಯೂ ಇಲ್ಲದೆ.

ತಿಂಗಳು ತುಂಬದೆ ಹುಟ್ಟಿದ ಮಗು ಆದರೆ ಎರಡು ವಯಸ್ಸು ನೆನಪಿರಲಿ. ಕೂರುವುದು, ನಡೆಯುವುದು, ತೂಕ ಇದೆಲ್ಲ ಎರಡು ವರ್ಷದವರೆಗೆ ಡ್ಯೂ ಡೇಟ್‌ನಿಂದ ಲೆಕ್ಕ ಹಾಕಿ, ಲಸಿಕೆ ಮಾತ್ರ ಹುಟ್ಟಿದ ದಿನದಿಂದ. 34 ವಾರಕ್ಕೆ ಮುಂಚೆ ಹುಟ್ಟಿದ್ದರೆ ಅಥವಾ ತೂಕ 2 ಕಿಲೋಗಿಂತ ಕಡಿಮೆ ಇದ್ದರೆ 30 ದಿನದೊಳಗೆ ಕಣ್ಣಿನ ಪರದೆ ಪರೀಕ್ಷೆ ಆಗಲೇಬೇಕು, ತೀರಾ ಚಿಕ್ಕ ಮಗುವಿಗೆ ಇನ್ನೂ ಬೇಗ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಇದು ಮರೆತುಹೋಗುತ್ತದೆ, ಹೋದ ದೃಷ್ಟಿ ಆಮೇಲೆ ವಾಪಸ್ ಬರುವುದಿಲ್ಲ. ಕರ್ನಾಟಕದ ಜಿಲ್ಲೆಗಳ ಎನ್ಐಸಿಯುಗಳಿಗೇ ಬಂದು ಈ ಪರೀಕ್ಷೆ ಮಾಡುವ ಕಿಡ್ರಾಪ್ ಅನ್ನುವ ಕಾರ್ಯಕ್ರಮ 2008ರಿಂದ ಇದೆ, ನಿಮ್ಮ ಆಸ್ಪತ್ರೆಗೆ ಬರುತ್ತಾರಾ ಅಂತ ವಿಚಾರಿಸಿ.

ಅಪ್ಪನಿಗೆ ವೀರ್ಯಾಣು ತೀರಾ ಕಡಿಮೆ ಅಂತ ಇಕ್ಸಿ ಮಾಡಿಸಿದ್ದರೆ ವೈ ಕ್ರೋಮೋಸೋಮ್ ಪರೀಕ್ಷೆಯ ರಿಪೋರ್ಟ್ ಎಸೆಯಬೇಡಿ. ಅದರಲ್ಲಿ ದೋಷ ಕಂಡಿದ್ದರೆ ಗಂಡುಮಗುವಿಗೂ ಅದು ಬರುತ್ತದೆ. ಮಗ ದೊಡ್ಡವನಾದ ಮೇಲೆ ಅವನ ಕೈಗೆ ಆ ಕಾಗದ ಸಿಗಬೇಕು.