ಬೆಂಬಲವಿಲ್ಲದ ಲ್ಯಾಪ್‌ಟಾಪಿಗೆ ವಿಂಡೋಸ್ 11: ಹಾಕುವ ಮೊದಲು ಮತ್ತು ಹಾಕುವಾಗ

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ನಮ್ಮ ಚಿಕ್ಕಪ್ಪನವರ ಮೆಕ್ಕೆಜೋಳದ ದಲಾಲಿ ಅಂಗಡಿ ಇದೆ. ಅಂಗಡಿಯ ಲೆಕ್ಕ, ರೈತರ ಪಟ್ಟಿ, ಸಂಘಕ್ಕೆ ಬರೆದ ಅರ್ಜಿಗಳು ಎಲ್ಲವೂ ಆರನೆಯ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರಿನ ಹಳೆಯ ಲ್ಯಾಪ್‌ಟಾಪಿನಲ್ಲಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಲು ಹೋದರೆ ಈ ಯಂತ್ರ ಅರ್ಹವಲ್ಲ ಎಂಬ ಉತ್ತರ ಬರುತ್ತದೆ, ಏಕೆಂದರೆ ವಿಂಡೋಸ್ 11 ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಇಂಟೆಲ್ ಪ್ರೊಸೆಸರ್, ಟಿಪಿಎಂ 2.0 (ಕೀಗಳನ್ನು ಕಾಪಾಡುವ ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗಲು ಬಿಡುವ ವ್ಯವಸ್ಥೆ) ಸೌಲಭ್ಯಗಳನ್ನು ಕೇಳುತ್ತದೆ. ಈ ತಡೆಯನ್ನು ದಾಟುವುದು ಅರ್ಧ ಗಂಟೆಯ ಕೆಲಸ. ಆದರೆ ಅದಕ್ಕೆ ಮೊದಲು ಮಾಡಬೇಕಾದ ತಯಾರಿಗೆ ಒಂದು ಇಡೀ ದಿನವನ್ನು ಮೀಸಲಿಡಿ ಎಂದು ನಾನು ಒತ್ತಿ ಹೇಳುತ್ತೇನೆ.

ಮೊದಲು ಪ್ರೊಸೆಸರನ್ನು ನೋಡಿಕೊಳ್ಳಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ ಪ್ರೊಸೆಸರಿನಲ್ಲಿ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಎಂಬ ಸೂಚನೆಗಳು ಇರಲೇಬೇಕು. ಇವಿಲ್ಲದ ಕೋರ್ 2 ಡುಯೊ ಕಾಲದ ಯಂತ್ರಗಳಲ್ಲಿ ಅದು ಬೂಟ್ ಆಗುವುದೇ ಇಲ್ಲ, ಅದಕ್ಕೆ ಅಡ್ಡದಾರಿಯೂ ಇಲ್ಲ. ನಿಮ್ಮ ಯಂತ್ರದಲ್ಲಿ ಎಸ್‌ಎಸ್‌ಇ 4.2 ಇದೆಯೇ ಎಂಬುದನ್ನು ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ರ್‍ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಿ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಅದರ ಜಾಗಕ್ಕೆ ತಿರುಗುವ ಭಾಗಗಳಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ. ಹೇಗೂ ಹಿಂಬದಿಯ ಮುಚ್ಚಳ ತೆಗೆಯುತ್ತೀರಿ, ಫ್ಯಾನನ್ನೂ ಸ್ವಚ್ಛಗೊಳಿಸಿಬಿಡಿ. ಚಿಕ್ಕಪ್ಪನವರ ಲ್ಯಾಪ್‌ಟಾಪಿನ ಫ್ಯಾನಿನ ಬಾಯಲ್ಲಿ ಜೋಳದ ಹೊಟ್ಟು ಮತ್ತು ಧೂಳು ಸೇರಿ ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿತ್ತು, ಚಿಮುಟದಿಂದ ಹಿಡಿದೆಳೆದರೆ ಒಂದೇ ಪದರವಾಗಿ ಎದ್ದು ಬಂತು.

ಎಸ್‌ಎಸ್‌ಡಿ ಹಾಕುವುದರಿಂದ ವೇಗಕ್ಕಿಂತ ದೊಡ್ಡ ಲಾಭವೊಂದಿದೆ. ಹಳೆಯ ಡಿಸ್ಕನ್ನು ಬಿಚ್ಚಿ, ಯಾವುದನ್ನೂ ಅಳಿಸದೆ ಹಾಗೆಯೇ ಎತ್ತಿಡಬಹುದು. ಆಗ ಅನುಸ್ಥಾಪನೆಯ ವೇಳೆ ತಪ್ಪು ಡಿಸ್ಕನ್ನು ಅಳಿಸುವ ಸಾಧ್ಯತೆಯೇ ಇರುವುದಿಲ್ಲ. ಆದರೂ ಮುಖ್ಯ ಕಡತಗಳನ್ನು ಬೇರೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ, ಹಳೆಯ ಡಿಸ್ಕ್ ಯಾವಾಗ ಕೈಕೊಡುತ್ತದೆ ಎಂದು ಹೇಳಲಾಗದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ, ಅದರ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ನಮ್ಮ ಕಡೆಯ ಅಂಗಡಿ, ಕಚೇರಿಗಳ ಯಂತ್ರಗಳಲ್ಲಿ ಮರೆತುಹೋಗುವ ವಿಷಯಗಳು ಎರಡು. ಮೊದಲನೆಯದು ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ. ಅದರ ದತ್ತಾಂಶದ ಫೋಲ್ಡರನ್ನು ನಕಲು ಮಾಡಿಕೊಂಡರೆ ಸಾಲದು. ಹಳೆಯ ವಿಂಡೋಸ್ ಇನ್ನೂ ಚಾಲನೆಯಲ್ಲಿರುವಾಗಲೇ ಟ್ಯಾಲಿಯೊಳಗೆ ಹೋಗಿ ಪರವಾನಗಿಯನ್ನು ಸರೆಂಡರ್ ಮಾಡಬೇಕು, ಎಂದರೆ ಮರಳಿಸಬೇಕು. ಎರಡನೆಯದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಹೊಸ ವಿಂಡೋಸಿನ ನಿರ್ಮಲಾ ಯುಐ ಫಾಂಟ್ ತಾನಾಗಿಯೇ ತೋರಿಸುತ್ತದೆ. ಆದರೆ ನುಡಿ 01 ಇ ಮುಂತಾದ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಓದಲು ಬರುವುದಿಲ್ಲ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಫಾಂಟುಗಳನ್ನು ಉಳಿಸಿಕೊಂಡಿರಲಿಲ್ಲ. ಅರ್ಜಿಯೊಂದನ್ನು ತೆರೆದರೆ 'ಕನ್ನಡ' ಎಂಬ ಪದವಿದ್ದ ಕಡೆ ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ ಮತ್ತು ತಲೆಯ ಮೇಲೆ ಗೀಟಿರುವ ಎ ಅಕ್ಷರಗಳ ಸಾಲು ಕಾಣಿಸಿತು. ಚಿಕ್ಕಪ್ಪನವರು ಕಡತವೇ ಹಾಳಾಯಿತೆಂದು ಗಾಬರಿಯಾದರು. ಕಡತಕ್ಕೆ ಏನೂ ಆಗಿರಲಿಲ್ಲ, ಫಾಂಟ್ ಹಾಕಿದ ಕೂಡಲೇ ಅಕ್ಷರಗಳು ಮರಳಿದವು. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಮತ್ತು ಬರಹದ ಫಾಂಟುಗಳನ್ನೆಲ್ಲ ಮೊದಲೇ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ವೈಫೈ ಮತ್ತು ಪ್ರಿಂಟರಿನ ಡ್ರೈವರುಗಳೂ ಅದರ ಜೊತೆಗಿರಲಿ.

ಇನ್ನು ಬೂಟ್ ಪೆನ್‌ಡ್ರೈವ್, ಎಂದರೆ ವಿಂಡೋಸ್ ಹಾಕಲು ಯಂತ್ರವನ್ನು ಶುರುಮಾಡುವ ಪೆನ್‌ಡ್ರೈವ್. ವಿಂಡೋಸ್ 11ರ ಐಎಸ್‌ಒ ಕಡತವನ್ನು (ಅನುಸ್ಥಾಪನೆಯ ಇಡೀ ಪ್ರತಿ) ಮೈಕ್ರೋಸಾಫ್ಟ್ ಜಾಲತಾಣದಿಂದಲೇ ಇಳಿಸಿಕೊಳ್ಳಿ; ಯಾರೋ ತಿದ್ದಿ 'ಹಗುರಗೊಳಿಸಿದ' ಪ್ರತಿಗಳನ್ನು ಲೆಕ್ಕಪತ್ರವಿರುವ ಯಂತ್ರಕ್ಕೆ ಎಂದಿಗೂ ಹಾಕಬೇಡಿ. ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವ್ ಸಿಕ್ಕಿಸಿ, ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಐಎಸ್‌ಒ ಆರಿಸಿ, ಪಾರ್ಟಿಷನ್ ಸ್ಕೀಮ್ ಜಿಪಿಟಿ ಎಂದೂ ಟಾರ್ಗೆಟ್ ಯುಇಎಫ್‌ಐ ಎಂದೂ ಇರುವುದನ್ನು ಖಚಿತಪಡಿಸಿಕೊಂಡು ಸ್ಟಾರ್ಟ್ ಒತ್ತಿ. ಆಗ ತೆರೆದುಕೊಳ್ಳುವ ಸಣ್ಣ ಕಿಟಕಿಯಲ್ಲಿ 4 ಜಿಬಿ ರ್‍ಯಾಮ್, ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0ರ ಷರತ್ತುಗಳನ್ನು ತೆಗೆದುಹಾಕುವ ಆಯ್ಕೆ ಇರುತ್ತದೆ, ಅದಕ್ಕೆ ಗುರುತು ಹಾಕಿ. ತಡೆಯನ್ನು ದಾಟುವ ಕೆಲಸ ಇಷ್ಟೇ.

ಲ್ಯಾಪ್‌ಟಾಪಿನ ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್ ಪರದೆ) ಲೆಗಸಿ ಎಂಬ ಹಳೆಯ ಕ್ರಮದ ಬದಲು ಯುಇಎಫ್‌ಐ ಕ್ರಮವನ್ನು ಆರಿಸಿ. ಬೂಟ್ ಮೆನುವಿಗೆ ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಬೇಕು. ಉತ್ಪನ್ನದ ಕೀ ಕೇಳಿದಾಗ 'ನನ್ನ ಬಳಿ ಕೀ ಇಲ್ಲ' ಎಂಬುದನ್ನು ಆರಿಸಿ, ಹಿಂದೆ ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ ಆಯ್ದುಕೊಳ್ಳಿ. ವಿಂಡೋಸ್ 10ರ ಡಿಜಿಟಲ್ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಡಿಸ್ಕ್ ಬದಲಾದರೂ ಇಂಟರ್‌ನೆಟ್ ಸಿಕ್ಕ ಮೇಲೆ ಅದು ತಾನಾಗಿ ಸಕ್ರಿಯವಾಗುತ್ತದೆ. ಹೊಸ ಎಸ್‌ಎಸ್‌ಡಿ ಖಾಲಿ ಜಾಗವಾಗಿ ಕಾಣಿಸುತ್ತದೆ, ಅದನ್ನು ಆರಿಸಿ ಮುಂದುವರಿಯಿರಿ. ವೈಫೈ ಕಾಣಿಸದಿದ್ದರೆ ಮೊಬೈಲನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ.

ಕರೆಂಟಿನ ವಿಷಯದಲ್ಲಿ ಉದಾಸೀನ ಬೇಡ. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಹೆಸರಿಗೆ ಮಾತ್ರ ಇರುತ್ತದೆ. ಒಮ್ಮೆ ಏಪ್ರಿಲ್ ತಿಂಗಳ ಮಧ್ಯಾಹ್ನ, ಕಡತಗಳು ಶೇಕಡ 60ರಷ್ಟು ನಕಲಾಗಿದ್ದಾಗ ಕರೆಂಟ್ ಹೋಗಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಡೆಸ್ಕ್‌ಟಾಪಿನ ಯುಪಿಎಸ್ ಇದ್ದರೆ ಚಾರ್ಜರನ್ನು ಅದಕ್ಕೆ ಸಿಕ್ಕಿಸಿ.

ಬೆಂಬಲವಿಲ್ಲದ ಇಂಥ ಯಂತ್ರಗಳಿಗೆ ಅಪ್‌ಡೇಟುಗಳ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ತಿಂಗಳ ಭದ್ರತಾ ಅಪ್‌ಡೇಟುಗಳು ನಮ್ಮ ಯಂತ್ರಕ್ಕೆ ಬರುತ್ತಿವೆಯಾದರೂ, ಇದರ ಮೇಲೆ ಭರವಸೆ ಇಡಲು ಮನಸ್ಸು ಒಪ್ಪದವರು ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಇರುವ ವಿಸ್ತೃತ ಭದ್ರತಾ ಅಪ್‌ಡೇಟಿಗೆ ನೋಂದಾಯಿಸಿಕೊಳ್ಳಬಹುದು. ಟ್ಯಾಲಿ, ನುಡಿಗಳ ಅಗತ್ಯವಿಲ್ಲದೆ ಬ್ರೌಸರ್ ಸಾಕೆನ್ನುವವರಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಇದಕ್ಕಿಂತ ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ.

ವಿಂಡೋಸ್ 11 ಹಾಕಿಕೊಂಡವರು ಇನ್ನೊಂದು ಕೆಲಸವನ್ನು ನೆನಪಿನಲ್ಲಿಡಬೇಕು. ಹೋಮ್ ಮತ್ತು ಪ್ರೊಗಳ ಪ್ರತಿ ಆವೃತ್ತಿಗೂ 24 ತಿಂಗಳ ಆಯಸ್ಸು. ಬೆಂಬಲವಿಲ್ಲದ ಯಂತ್ರಕ್ಕೆ ಮುಂದಿನ ಆವೃತ್ತಿ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ, ಹೊಸ ಐಎಸ್‌ಒ ಇಳಿಸಿ ರೂಫಸ್ ಪೆನ್‌ಡ್ರೈವನ್ನು ಮತ್ತೆ ಸಿದ್ಧಪಡಿಸಬೇಕು. ಚಿಕ್ಕಪ್ಪನವರ ಅಂಗಡಿಯಲ್ಲಿ ಈ ಆಯಸ್ಸು ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ; ಹಳೆಯ ಡಿಸ್ಕು ಬಟ್ಟೆಯಲ್ಲಿ ಸುತ್ತಿಕೊಂಡು ಗಲ್ಲಾಪೆಟ್ಟಿಗೆಯಲ್ಲಿದೆ.